ಅರ್ಧ ತೊಲ ಮದ್ದಿನ ಲೆಕ್ಕ

ಬ್ರಿಟಿಷ್ ಸೈನ್ಯ 1871ರಲ್ಲಿ ಕೈಗೆತ್ತಿಕೊಂಡ ಮಾರ್ಟಿನಿ-ಹೆನ್ರಿ ರೈಫಲ್ಲಿನ ಒಂದು ತೋಟಾಕ್ಕೆ ತುಂಬುತ್ತಿದ್ದ ಕರಿಮದ್ದು 85 ಗ್ರೇನ್. ಗ್ರಾಮಿನಲ್ಲಿ ಐದೂವರೆ, ಅಜ್ಜಂದಿರ ತೂಕದಲ್ಲಿ ಅರ್ಧ ತೊಲಕ್ಕೂ ಕಡಿಮೆ. ಅದರಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ನೂರಕ್ಕೆ ಹತ್ತರಷ್ಟು ಗಂಧಕ, ಉಳಿದದ್ದು ಇದ್ದಿಲು. ಅಂದರೆ ಇದ್ದಿಲು ಒಂದು ಗ್ರಾಂ ಕೂಡ ಇಲ್ಲ. ಇಷ್ಟು ಚಿಟಿಕೆಯಿಂದ 31 ಗ್ರಾಂ ಸೀಸದ ಗುಂಡು ಸೆಕೆಂಡಿಗೆ ಸುಮಾರು 410 ಮೀಟರ್ ವೇಗದಲ್ಲಿ, ಸದ್ದನ್ನೂ ಹಿಂದೆ ಹಾಕಿ, ನಳಿಗೆಯಿಂದ ಹೊರಬೀಳುತ್ತದೆ.

ಮದ್ದಿನೊಳಗೆ ಎಂಥ ರಾಕ್ಷಸ ಬಲ ಅಡಗಿರಬೇಕು ಅನ್ನಿಸುತ್ತದಲ್ಲ? ಶಿಕಾರಿಪುರ, ಸೊರಬದ ಗದ್ದೆಗಳಲ್ಲಿ ಬೆಳೆಯುವ ಅಕ್ಕಿಯನ್ನೇ ಅಳತೆಗಲ್ಲಾಗಿ ಇಟ್ಟು ನೋಡೋಣ. ಒಂದು ಗ್ರಾಂ ಕರಿಮದ್ದಿನಲ್ಲಿರುವ ಶಕ್ತಿ ಸುಮಾರು 3 ಕಿಲೋಜೌಲ್. ಒಂದು ಗ್ರಾಂ ಅಕ್ಕಿಯಲ್ಲಿ 15. ಹಾಗಾಗಿ ಒಂದು ತೋಟಾದ ಮದ್ದಿನಲ್ಲಿರುವುದು ಒಂದು ಗ್ರಾಂಗಿಂತ ತುಸು ಹೆಚ್ಚು ಅಕ್ಕಿಯ ಶಕ್ತಿ, ಎಣಿಸಿದರೆ ಐವತ್ತು-ಅರವತ್ತು ಕಾಳು. ಅದರಲ್ಲೂ ಗುಂಡಿಗೆ ದಕ್ಕುವುದು ಆರರಲ್ಲಿ ಒಂದು ಪಾಲು. ಹಂದಿಯನ್ನು ನೆಲಕ್ಕೆ ಕೆಡವುವ ಗುಂಡಿನ ಬೆನ್ನಿಗಿರುವುದು ಒಂಬತ್ತು ಅಕ್ಕಿಕಾಳಿನ ಕಸುವು! ಆ ಹಂದಿ ಗದ್ದೆಗೆ ನುಗ್ಗಿ ಒಂದು ರಾತ್ರಿಯಲ್ಲಿ ತುಳಿದು ಹಾಳುಮಾಡುವ ಭತ್ತದ ಲೆಕ್ಕ ಬೇರೆ ಬಿಡಿ.

ಇನ್ನೂ ದೊಡ್ಡ ಲೆಕ್ಕ ಬೇಕಿದ್ದರೆ ಶಿಕಾರಿಪುರ, ಸೊರಬ ಇರುವ ಜಿಲ್ಲೆಯದೇ ಆದ ಹೊಸನಗರ ತಾಲ್ಲೂಕಿಗೆ ಹೋಗಬೇಕು. 2018ರ ಜುಲೈನಲ್ಲಿ ನಗರ ಎಂಬ ಊರಿನ ಹತ್ತಿರ ಪಾಳುಬಾವಿಯೊಂದರ ಕೆಸರು ತೆಗೆದಾಗ ಟಿಪ್ಪು ಕಾಲದ್ದೆನ್ನುವ ಕಬ್ಬಿಣದ ರಾಕೆಟ್‌ಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಒಂದೊಂದೂ ಗೇಣುದ್ದ. ಮೈಸೂರಿನ ರಾಕೆಟ್ಟು ಒಂದು ಪೌಂಡ್ ಮದ್ದು ಹೊತ್ತು ಸುಮಾರು 900 ಮೀಟರ್ ಹಾರುತ್ತಿತ್ತು ಎನ್ನುತ್ತಾರೆ. ಪೌಂಡಿಗೆ 7000 ಗ್ರೇನ್. 85ರಂತೆ ಭಾಗಿಸಿದರೆ 82 ತೋಟಾ. ಬಾವಿಯ ಒಂದೊಂದು ರಾಕೆಟ್ಟಿಗೂ ಒಂದೊಂದು ಪೌಂಡ್ ಹಿಡಿದರೆ ಎಂಬತ್ತೆರಡು ಸಾವಿರ ಈಡಿನ ಮದ್ದು. ಒಂದು ಕೋಟೆಯನ್ನು ನಡುಗಿಸುವಷ್ಟು. ಶಕ್ತಿಯ ಲೆಕ್ಕದಲ್ಲಿ ಅದು ತೊಂಬತ್ತು ಕಿಲೋ ಅಕ್ಕಿ, ಎರಡು ಚೀಲ ಪೂರ್ತಿ ತುಂಬುವುದಿಲ್ಲ. 1799ರ ಆಗಸ್ಟಿನಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನುಹತ್ತಿ ಬಂದ ಕಂಪನಿಯ ಪಡೆ ಶಿಕಾರಿಪುರದಲ್ಲಿ ಅವನನ್ನು ಬಡಿದದ್ದೂ ಇದೇ ಬಡಮದ್ದಿನಿಂದ.

ಹಾಗಾದರೆ ಏಟು ಎಲ್ಲಿಂದ ಬಂತು? ಅವಸರದಿಂದ. ಅಕ್ಕಿ, ಸೌದೆ, ಎಣ್ಣೆ ಯಾವುದೇ ಆಗಲಿ, ಉರಿಯಲು ಸುತ್ತಲ ಗಾಳಿಯನ್ನು ಕಾಯಬೇಕು. ಮದ್ದು ಕಾಯುವುದಿಲ್ಲ. ಪೆಟ್ಲುಪ್ಪಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಆಮ್ಲಜನಕವೇ. ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ. ಗ್ರಾಮಿಗೆ ಶಕ್ತಿ ಕಡಿಮೆ ಬೀಳುವುದೂ ಆ ಬುತ್ತಿಯ ಭಾರದಿಂದಲೇ. ಕೇಪಿಗೆ ಸೂಜಿ ಬಡಿದದ್ದೇ ತಡ, 84 ಸೆಂಟಿಮೀಟರ್ ನಳಿಗೆಯನ್ನು ಗುಂಡು ದಾಟಲು ಬೇಕಾಗುವುದು ಸೆಕೆಂಡಿನ ಸಾವಿರದಲ್ಲಿ ಮೂರೋ ನಾಲ್ಕೋ ಪಾಲು. ಆ ಗಳಿಗೆಯ ಮಟ್ಟಿಗೆ ಕೋವಿಯ ಸಾಮರ್ಥ್ಯ ಎಂಟುನೂರು ಅಶ್ವಶಕ್ತಿಗೂ ಮೇಲೆ.

ಹಳೆ ರೈಫಲ್ಲಿಗೆ ತೋಟಾ ತುಂಬಲು ಹೊರಡುವವರಿಗೆ ಮೊದಲು ಕಣ್ಣಿಗೆ ರಾಚುವ ಅಂಕಿ ಮಾತ್ರ ಇನ್ನೊಂದಿದೆ. 1870ರ ದಶಕದಲ್ಲಿ ನೋಬಲ್ ಮತ್ತು ಏಬೆಲ್ ಎಂಬಿಬ್ಬರು ಉಕ್ಕಿನ ಪಾತ್ರೆಯಲ್ಲಿ ಮದ್ದು ಸುಟ್ಟು ಅಳೆದರು: ಅನಿಲವಾಗುವುದು ನೂರಕ್ಕೆ 43-44 ಪಾಲು ಅಷ್ಟೆ. ಉಳಿದದ್ದೆಲ್ಲ ಘನ ಪದಾರ್ಥ. ಗುಂಡನ್ನು ತಳ್ಳಬೇಕಾದ ಮದ್ದಿನ ಅರ್ಧಕ್ಕಿಂತ ಹೆಚ್ಚು ಬರೀ ಬಿಳಿ ಹೊಗೆ ಮತ್ತು ಕರಿ ಕಿಟ್ಟ. ನೂರು ಈಡಿಗೆ ಮುನ್ನೂರು ಗ್ರಾಂ. ಬಹುಪಾಲು ಹೊಗೆಯಲ್ಲಿ ಹೋದರೂ ನಳಿಗೆಯ ಒಳಮೈಗೆ ಕಚ್ಚಿಕೊಂಡದ್ದು ಮುಂದಿನ ಗುಂಡಿನ ದಾರಿ ಕೆಡಿಸುತ್ತದೆ. ಗುರಿಕಾರರು ಒಂದೊಂದು ಈಡಾದ ಮೇಲೂ ಕೊಳವೆ ಇಟ್ಟು ನಳಿಗೆಗೆ ಬಾಯಿಂದ ಉಸಿರೂದುವುದುಂಟು, ಕಿಟ್ಟ ತೇವದಲ್ಲಿ ಮೆತ್ತಗಾಗಲಿ ಅಂತ. ಸೊರಬದ ಆಷಾಢದಲ್ಲಿ ಊದುವ ಕಷ್ಟವೇ ಬೇಡ. ಆ ಕಿಟ್ಟದಲ್ಲಿರುವ ಲವಣಗಳು ಗಾಳಿಯ ನೀರನ್ನು ತಾವೇ ಎಳೆದುಕೊಳ್ಳುತ್ತವೆ. ಬಿಸಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಸವರದೆ ಇಟ್ಟ ಕೋವಿಗೆ ಬೆಳಗಾಗುವುದರೊಳಗೆ ತುಕ್ಕು. ಸುಟ್ಟ ಹಿತ್ತಾಳೆಯ ತೋಟಾಕ್ಕೂ ಅದೇ ಸ್ನಾನ ಆಗಬೇಕು, ಮತ್ತೆ ತುಂಬುವುದಿದ್ದರೆ.

ಕೇಪಿನ ಕೋವಿಯಲ್ಲಿ ಮದ್ದು ಹಾಕಿ, ನಾರು ತುರುಕಿ, ಗಜದಿಂದ ಜಡಿಯುತ್ತಿದ್ದವರಿಗೆ ಗೊತ್ತಿದ್ದ ಸಂಗತಿ ತೋಟಾಕ್ಕೂ ಹೊಂದುತ್ತದೆ: ಮದ್ದಿಗೂ ಗುಂಡಿಗೂ ನಡುವೆ ಸಂದು ಬಿಡಬಾರದು. ಖಾಲಿ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಮಾರ್ಟಿನಿಯ ತೋಟಾದಲ್ಲಿ ಆ ಜಾಗಕ್ಕೆ ಜೇನುಮೇಣದ ಬಿಲ್ಲೆ, ಹತ್ತಿ ಇಡುತ್ತಿದ್ದರು.

ಅದಕ್ಕಿಂತ ಭಯಂಕರವಾದದ್ದು ಹೊಗೆಯಿಲ್ಲದ ಹೊಸ ಮದ್ದನ್ನು ಅದೇ ಅಳತೆಯಲ್ಲಿ ಸುರಿಯುವುದು. 1891ರಿಂದ ಬ್ರಿಟಿಷರ .303 ರೈಫಲ್ಲಿಗೆ ಬಂದ ಕಾರ್ಡೈಟ್ 31 ಗ್ರೇನ್ ಸಾಕಾಗಿತ್ತು, ಗುಂಡು ಸೆಕೆಂಡಿಗೆ 600 ಮೀಟರಿಗೂ ಹೆಚ್ಚು ಓಡಲು. ನಳಿಗೆಯೊಳಗಿನ ಒತ್ತಡ ಮಾರ್ಟಿನಿಯ ಎರಡು ಪಟ್ಟಿಗೂ ಮೇಲೆ. ಅಂಥದ್ದನ್ನು 85ರ ಅಳತೆಗೆ ತುಂಬಿದವನ ಕೈ, ಮುಖ ಉಳಿಯುವ ಮಾತೇ ಇಲ್ಲ.

ಅಟ್ಟದ ಮೇಲೆ ಸಿಕ್ಕಿದ ಕೋವಿ ನೂರೈವತ್ತು ವರ್ಷದ್ದು, ಹಾಗಾಗಿ ಕಾನೂನಿನ ತಂಟೆಯಿಲ್ಲ ಎನ್ನುವವರೂ ಇದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಹಳೆ ಕಾಲದ ಆಯುಧಕ್ಕೆ ವಿನಾಯಿತಿ ಕೊಡುವುದು ನಿಜ, ಆದರೆ ರಿಪೇರಿ ಮಾಡಿದರೂ ಹಾರದ ಕೋವಿಗೆ ಮಾತ್ರ. ಹಾರುವುದಾದರೆ ಲೈಸೆನ್ಸ್ ಬೇಕೇ ಬೇಕು. ಕೊಡಗಿನವರಿಗಿರುವ ರಿಯಾಯಿತಿ ಇಲ್ಲಿಗಿಲ್ಲ. ಲೈಸೆನ್ಸ್ ಇದ್ದ ಬೆಳೆರಕ್ಷಣೆಯ ಕೋವಿಯನ್ನೂ ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರಬೇಕು. ಹಂದಿಗಳಿಗೆ ನೀತಿಸಂಹಿತೆ ಇನ್ನೂ ಜಾರಿಯಾಗಿಲ್ಲ.