ನೀರಿನ ಬಣ್ಣ ಹಿಡಿದವರು

ಹರಿಯುವ ನೀರಿಗೆ ಸ್ವಂತ ಬಣ್ಣ ತೀರಾ ಕಡಿಮೆ. ಆಕಾಶ, ದಡದ ಮರ, ದೋಣಿಯ ಮಗ್ಗುಲು, ತಳದ ಕೆಸರು ಎಲ್ಲವೂ ಅದರ ಮೇಲೆ ಬೆರೆತು, ಗಾಳಿ ಬೀಸಿದಂತೆ ಚದುರುತ್ತವೆ. ಇಂಪ್ರೆಷನಿಸ್ಟ್ ಚಿತ್ರಕಾರರು ಮತ್ತೆ ಮತ್ತೆ ನದಿ, ಬಂದರು, ಕೊಳಗಳ ಬಳಿ ಹೋದದ್ದು ಈ ಕಾರಣಕ್ಕೇ. ಅವರ ಶೈಲಿಯ ಗುರುತಾದ ಬಿಡಿಬಿಡಿ ಕುಂಚದ ಗೆರೆ ಪಳಗಿದ್ದೂ ಬಹುಮಟ್ಟಿಗೆ ನೀರಿನ ದಡದಲ್ಲಿಯೇ.

1869ರ ಬೇಸಗೆಯಲ್ಲಿ ಕ್ಲಾಡ್ ಮೊನೆ ಮತ್ತು ರೆನ್ವಾರ್ ಪ್ಯಾರಿಸ್ಸಿನ ಪಶ್ಚಿಮಕ್ಕೆ, ಸೇನ್ ನದಿಯ ಮೇಲಿನ ಲಾ ಗ್ರೆನುಯೇರ್ ಎಂಬ ವಿಹಾರತಾಣದಲ್ಲಿ ಒಂದೇ ನೋಟವನ್ನು ಜೊತೆಯಾಗಿ ಚಿತ್ರಿಸಿದರು. ಮೊನೆಯ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಹತ್ತಿರದ ನೀರೆಂದರೆ ಅಡ್ಡಡ್ಡ ಎಳೆದ ದಪ್ಪ ಪಟ್ಟಿಗಳು. ಕಪ್ಪಿಟ್ಟ ಬಣ್ಣದ ಪಕ್ಕಕ್ಕೇ ತಿಳಿಬಣ್ಣ, ನಡುವೆ ನುಣುಪು ಮಾಡುವ ಗೋಜೇ ಇಲ್ಲ. ದೂರ ಸರಿದಂತೆ ಪಟ್ಟಿಗಳು ಕಿರಿದಾಗುತ್ತವೆ. ನೀರು ಹಿಂದಕ್ಕೆ ಹರಡಿಕೊಂಡಂತೆ ಕಾಣಲು ಅಷ್ಟೇ ಸಾಕಾಗಿದೆ. ರೆನ್ವಾರ್‌ನ ಗೆರೆಗಳು ಇನ್ನೂ ಸಣ್ಣವು, ಮೃದು. ಅವನ ಕಣ್ಣು ಜನರ ಉಡುಪಿನ ಮೇಲೆ ಹೆಚ್ಚು ನೆಟ್ಟಿದೆ.

ಹೀಗೆ ಬಯಲಲ್ಲಿ ನಿಂತು ಬಣ್ಣ ಹಚ್ಚಲು ಸಲಕರಣೆಗಳೂ ಒದಗಿಬಂದವು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಲೋಹದ ಪಟ್ಟಿಯಲ್ಲಿ ಕೂದಲನ್ನು ಅಮುಕಿ ಕೂರಿಸಿದ ಚಪ್ಪಟೆ ಬ್ರಷ್‌ನಿಂದ ಚೌಕನೆಯ ಗೆರೆ ಸಾಧ್ಯವಾಯಿತು.

ಕೆಲಸ ಆರಂಭವಾಗುವುದು ಕ್ಯಾನ್ವಾಸಿನ ಹಿನ್ನೆಲೆಯಿಂದ. ಹಳೆಯ ಪದ್ಧತಿಯಲ್ಲಿ ಅದಕ್ಕೆ ಕಂದುಬಣ್ಣ ಬಳಿಯುವುದು ರೂಢಿ. ಇವರು ಬಿಳಿ, ಕೆನೆ ಅಥವಾ ತಿಳಿ ಬೂದು ಬಣ್ಣವನ್ನು ಹೆಚ್ಚು ಬಳಸಿದರು. ಅದು ಗೆರೆಗಳ ಸಂದಿನಲ್ಲಿ ಇಣುಕಿ ಇಡೀ ಚಿತ್ರಕ್ಕೆ ಬೆಳಕು ಕೊಡುತ್ತದೆ. ದಡದ ಗೆರೆ ಗುರುತಿಸಿದ ಮೇಲೆ ಆಕಾಶ, ಮರ, ನೀರಿನ ದೊಡ್ಡ ಭಾಗಗಳನ್ನು ತೆಳುವಾಗಿ ತುಂಬಲಾಗುತ್ತದೆ. ಪ್ರತಿಬಿಂಬವನ್ನು ಮೊದಲು ನೇರ ಕೆಳಕ್ಕೆ ಎಳೆದು, ಹಸಿ ಇರುವಾಗಲೇ ಅದರ ಮೇಲೆ ಅಡ್ಡ ಗೆರೆಗಳಲ್ಲಿ ಅಲೆಗಳನ್ನು ಕೂರಿಸಬಹುದು. ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಸಾಮಾನ್ಯವಾಗಿ ಕಪ್ಪು ದೋಣಿಯ ಬಿಂಬ ದೋಣಿಗಿಂತ ತುಸು ತಿಳಿ, ಬಿಳಿ ಹಾಯಿಯ ಬಿಂಬ ಹಾಯಿಗಿಂತ ತುಸು ಮಂದ. ವಸ್ತು, ಬಿಂಬ ಎರಡನ್ನೂ ಒಂದೇ ಬಣ್ಣದಲ್ಲಿ ಬಳಿದರೆ ನೀರು ಕನ್ನಡಿಯಂತೆ ಗಡುಸಾಗಿಬಿಡುತ್ತದೆ.

ನೆರಳಿಗೆ ಕಪ್ಪು ಬಳಿಯುವುದನ್ನು ಇವರು ಆದಷ್ಟು ಬಿಟ್ಟರು. ಬಿಸಿಲು ತಾಗದ ಜಾಗಕ್ಕೂ ಆಕಾಶದ ಬೆಳಕು ಬೀಳುವುದರಿಂದ ನೀಲಿ, ನೇರಳೆಗಳು ಅಲ್ಲಿ ಬಂದವು. ನೀಲಿಯ ಪಕ್ಕದಲ್ಲಿ ಕಿತ್ತಳೆ ಇಟ್ಟರೆ ಎರಡೂ ಹೊಳೆಯುತ್ತವೆಂಬ ತತ್ತ್ವವನ್ನು ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲೇ ವಿವರಿಸಿದ್ದ. ಮೊನೆ 1872ರ ದಿನಾಂಕ ಬರೆದ ಲ ಆವ್ರ್ ಬಂದರಿನ ಸೂರ್ಯೋದಯದ ಚಿತ್ರ ಇದಕ್ಕೆ ಅದ್ಭುತವಾದ ಸಾಕ್ಷಿ. ಅದರ ಕಿತ್ತಳೆ ಸೂರ್ಯ ಸುತ್ತಲಿನ ಬೂದುನೀಲಿ ಮುಗಿಲಿಗಿಂತ ಹೆಚ್ಚು ಪ್ರಕಾಶವಾಗಿಲ್ಲ. ಕಪ್ಪು-ಬಿಳುಪು ಫೋಟೊದಲ್ಲಿ ಅದು ಬಹುಪಾಲು ಮಾಯವಾಗುತ್ತದೆ. ಕಣ್ಣಿಗೆ ಉರಿಯುವಂತೆ ಕಾಣುವುದು ಬಣ್ಣಗಳ ವೈರುಧ್ಯದಿಂದ.

ಬಿಸಿಲು ಸರಿದಂತೆ ನೋಟವೇ ಬೇರೆಯಾಗುತ್ತದೆ. ಆಗ ಕೈಯಲ್ಲಿರುವ ಚಿತ್ರವನ್ನು ತಿದ್ದುತ್ತ ಹೋಗುವ ಬದಲು ನಿಲ್ಲಿಸಿ, ಮರುದಿನ ಅದೇ ಹೊತ್ತಿಗೆ ಮುಂದುವರಿಸುವುದು ಲೇಸು. ಮೊನೆ ಮುಂದೆ ಒಂದೊಂದು ಬೆಳಕಿಗೆ ಒಂದೊಂದು ಕ್ಯಾನ್ವಾಸ್ ಇಟ್ಟುಕೊಂಡ. ಸೇನ್ ದಡದ ಆರ್ಜಾಂತೈ ಊರಿನಲ್ಲಿದ್ದಾಗ ದೋಣಿಯೊಂದನ್ನೇ ಸ್ಟುಡಿಯೊ ಮಾಡಿಕೊಂಡು ನೀರಿನ ಮಟ್ಟದಿಂದಲೇ ನದಿಯನ್ನು ನೋಡಿದ. ಅವನು ಅದರಲ್ಲಿ ಕೂತು ಚಿತ್ರ ಬರೆಯುತ್ತಿರುವುದನ್ನು 1874ರಲ್ಲಿ ಮಾನೆ ಎಂಬ ಇನ್ನೊಬ್ಬ ಚಿತ್ರಕಾರ ಚಿತ್ರಿಸಿದ್ದಾನೆ.

ಎಣ್ಣೆಬಣ್ಣ ಆರುವುದು ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಿ. ಎಣ್ಣೆ ಹೆಚ್ಚಾದಷ್ಟೂ ಅದು ಆರುವುದು ನಿಧಾನ. ಹಾಗಾಗಿ ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು ಇರಬೇಕು; ಅದಲುಬದಲಾದರೆ ಬಿರುಕು ಬಿಡುತ್ತದೆ. ಅಲೆಯ ಮೇಲಿನ ಹೊಳಪಿನ ದಪ್ಪ ಚುಕ್ಕೆಗಳು ಕೊನೆಯಲ್ಲಿ ಬೀಳುವುದು ಇದಕ್ಕೂ ಅನುಕೂಲ. ಅವು ಪೂರ್ತಿ ಒಣಗಲು ತಿಂಗಳುಗಳೇ ಬೇಕು. ವಾರ್ನಿಷ್ ಹಚ್ಚುವುದಿದ್ದರೆ ಅದಾದ ಮೇಲೆಯೇ; ಹಲವು ಇಂಪ್ರೆಷನಿಸ್ಟರಂತೂ ಮೇಲ್ಮೈಯ ಮಂದ ಕಾಂತಿ ಕೆಡದಿರಲೆಂದು ವಾರ್ನಿಷ್ ಹಚ್ಚದೆಯೇ ಬಿಟ್ಟರು.