ಸಿಂಗಳೀಕ ಮತ್ತು ಕಡಲ ಸೌತೆ

ಶರಾವತಿ ಕಣಿವೆಯ ಸಿಂಗಳೀಕಕ್ಕೂ ಮನ್ನಾರ್ ಕೊಲ್ಲಿಯ ಮರಳಲ್ಲಿ ಹುದುಗಿರುವ ಕಡಲ ಸೌತೆಗೂ ಕಾನೂನಿನ ಕಣ್ಣಲ್ಲಿ ಭೇದವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆ ಎರಡೂ ಇವೆ. ಕಡಲ ಸೌತೆ ಸೇರಿದ್ದು 2001ರಲ್ಲಿ. ಆದರೆ ಎರಡೂ ಅಳಿವಿನ ಅಂಚಿಗೆ ಬಂದ ದಾರಿ ಬೇರೆ ಬೇರೆ.

ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು ಇರುವ ಸಿಂಗಳೀಕ ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಲ್ಲೂ ಇಲ್ಲ. ಬಯಲುಸೀಮೆಯ ಕೋತಿ ಊರು, ಗುಡಿ, ರಸ್ತೆ ಎಲ್ಲಕ್ಕೂ ಒಗ್ಗಿಕೊಂಡಿತು. ಸಿಂಗಳೀಕ ಮಾತ್ರ ನಿತ್ಯಹರಿದ್ವರ್ಣ ಕಾಡಿನ ಮರದ ತುದಿಯನ್ನೇ ನೆಚ್ಚಿದೆ. ಹೆಣ್ಣು ಮೊದಲ ಸಲ ಈಯುವುದು ಆರೇಳು ವರ್ಷಕ್ಕೆ. ಆಮೇಲೂ ಎರಡು ಮೂರು ವರ್ಷಕ್ಕೊಂದೇ ಮರಿ. ರಸ್ತೆ, ಅಣೆಕಟ್ಟು, ತೋಟಗಳು ಕಾಡನ್ನು ತುಂಡರಿಸಿದಾಗ ಗುಂಪುಗಳು ಒಂದನ್ನೊಂದು ಸೇರಲಾರವು. ಉತ್ತರ ಕನ್ನಡದಲ್ಲಿ ಉಪ್ಪಾಗೆ ಹಣ್ಣಿಗೆ ಜನರೂ ಸಿಂಗಳೀಕವೂ ಪೈಪೋಟಿ. ಅಲ್ಲಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವೂ 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವೂ ಘೋಷಣೆಯಾದವು. ಅದೇ ಕಣಿವೆಯಲ್ಲಿ 2,000 ಮೆಗಾವಾಟ್‌ನ ಭೂಗತ ವಿದ್ಯುತ್ ಯೋಜನೆಯ ಪ್ರಸ್ತಾವವೂ ಇದೆ. ಅಭಯ ಎಂಬ ಮಾತಿನ ತೂಕ ತಿಳಿಯುವುದು ಇಂಥಲ್ಲೇ.

ಕಡಲ ಸೌತೆ ತರಕಾರಿಯಲ್ಲ, ನಕ್ಷತ್ರ ಮೀನಿನ ಬಳಗದ ಪ್ರಾಣಿ. ತಲೆ, ಕಣ್ಣು, ಮಿದುಳು ಇಲ್ಲ. ಮರಳನ್ನು ನುಂಗಿ, ಅದರಲ್ಲಿನ ಕೊಳೆತ ಸಾವಯವ ಪದಾರ್ಥವನ್ನು ಅರಗಿಸಿಕೊಂಡು, ಉಳಿದದ್ದನ್ನು ಹೊರಹಾಕುತ್ತ ಕಡಲ ತಳವನ್ನು ಸದಾ ಕಲಕುತ್ತದೆ. ಅದರ ಕಷ್ಟ ಶುರುವಾದದ್ದು ಬೆಲೆಯಿಂದ. ಬೇಯಿಸಿ ಒಣಗಿಸಿದ ಕಡಲ ಸೌತೆ ಚೀನಾ, ಹಾಂಗ್‌ಕಾಂಗ್‌ಗಳಲ್ಲಿ ಔತಣದ ತಿನಿಸು. ಭಾರತದಲ್ಲಿ ಅದನ್ನು ತಿನ್ನುವವರೇ ಅಪರೂಪ. ಓಡಲಾಗದ ಪ್ರಾಣಿಯಾದ್ದರಿಂದ ಆಳವಿಲ್ಲದ ನೀರಲ್ಲಿ ಮುಳುಗಿ ಕೈಯಿಂದಲೇ ಹೆಕ್ಕಬಹುದು.

ಹೆಣ್ಣೊಂದು ಲಕ್ಷಗಟ್ಟಲೆ ಮೊಟ್ಟೆ ಇಡುವಾಗ ಕೊರತೆ ಹೇಗೆ ಬಂತು? ಗಂಡು ಹೆಣ್ಣು ಕೂಡುವುದಿಲ್ಲ. ಎರಡೂ ಮೊಟ್ಟೆ, ವೀರ್ಯಗಳನ್ನು ನೀರಿಗೆ ಬಿಡುತ್ತವೆ. ಹತ್ತಿರದಲ್ಲಿ ಜೊತೆಯಿಲ್ಲದಿದ್ದರೆ ಅಷ್ಟೂ ಮೊಟ್ಟೆ ನೀರುಪಾಲು. ಹಾಗಾಗಿ ಹೆಕ್ಕಿದ ಮೇಲೆ ಅಲ್ಲೊಂದು ಇಲ್ಲೊಂದು ಉಳಿದರೂ ಸಂತತಿ ಬೆಳೆಯದು.

2001ರಲ್ಲಿ ಅನುಸೂಚಿಗೆ ಸೇರಿ ಕಡಲ ಸೌತೆ ಹಿಡಿಯುವುದು ನಿಷೇಧವಾದಾಗ ಮನ್ನಾರ್ ಕೊಲ್ಲಿ ದಂಡೆಯ ರಾಮನಾಥಪುರದ ಮೀನುಗಾರರ ಒಂದು ಆದಾಯ ನಿಂತಿತು. ಬೇರೆ ಮೀನಿನ ಬಲೆಗೆ ತಾನಾಗಿ ಬಿದ್ದ ಕಡಲ ಸೌತೆಯನ್ನು ಇಟ್ಟುಕೊಂಡರೂ ಅಪರಾಧವೇ. ಪರವಾನಗಿ ಪಡೆದು ಹಿಡಿಯಬಹುದಾದ ಶ್ರೀಲಂಕಾ ಪಕ್ಕದಲ್ಲೇ ಇರುವುದರಿಂದ ಕಳ್ಳಸಾಗಣೆ ನಿಂತಿಲ್ಲ. ಇನ್ನೊಂದೆಡೆ, ಲಕ್ಷದ್ವೀಪದ ಚೆರಿಯಪಾಣಿಯಲ್ಲಿ 2020ರಲ್ಲಿ 239 ಚದರ ಕಿ.ಮೀ. ಕಡಲನ್ನು ಕಡಲ ಸೌತೆಗೆಂದೇ ಮೀಸಲಿಡಲಾಯಿತು. ತೂತ್ತುಕ್ಕುಡಿಯಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1988ರಲ್ಲೇ ತೊಟ್ಟಿಯಲ್ಲಿ ಇದರ ಮರಿ ಮಾಡಿಸಿತ್ತು. ಅಂಥ ಮರಿಗಳನ್ನು ಒಂದೇ ಕಡೆ ಒತ್ತಾಗಿ ಬಿಟ್ಟು ಕಡಲ ಸೌತೆಯ ಗುಂಪು ಕಟ್ಟುವ ದಾರಿಯಾದರೂ ಇದೆ. ಸಿಂಗಳೀಕಕ್ಕೆ ಹಾಗಾಗದು, ಮರದಿಂದ ಮರಕ್ಕೆ ಕೊಂಬೆ ಕೂಡಿಕೊಂಡ ಕಾಡೇ ಅದಕ್ಕೆ ಬೇಕು.