ಎರಡು ಸ್ವರಕ್ಕೆ ಬಾಯಿ ಬಿಡುವ ಪೇಜರ್

ಪುಣೆಯ ಐಟಿ ಕಂಪನಿಗಳಲ್ಲಿ ದುಡಿಯುವ ನಮಗೆ ‘ಪೇಜರ್’ ಅಂದರೆ ಮೊಬೈಲಿನಲ್ಲಿರುವ ಒಂದು ಆ್ಯಪ್. ಸರ್ವರ್ ಕೆಟ್ಟರೆ ನಡುರಾತ್ರಿ ಎಬ್ಬಿಸುವುದು ಅದರ ಕೆಲಸ. ಬೆಲ್ಟಿಗೆ ಸಿಕ್ಕಿಸುವ ಅಸಲಿ ಪೇಜರ್ ಭಾರತಕ್ಕೆ 1995ರಲ್ಲಿ ಬಂದು, ಮೊಬೈಲ್ ಅಗ್ಗವಾಗುತ್ತಲೇ ಮಾಯವಾಯಿತು. ಹಾಗಾಗಿ ಪೆನ್ಸಿಲ್ವೇನಿಯಾದಲ್ಲಿರುವ ನಮ್ಮ ತಂಡದ ಹಿರಿಯರೊಬ್ಬರು ಕಳೆದ ವರ್ಷ ವಿಡಿಯೊ ಕಾಲ್‌ನಲ್ಲಿ ಪೇಜರ್ ಎತ್ತಿ ತೋರಿಸಿ, ‘ಇದು ಕರೆ ಬಂದರೂ ಸುಮ್ಮನಿರುತ್ತೆ, ಎಂಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದವನು ನೀನು, ಸ್ವಲ್ಪ ನೋಡು’ ಎಂದಾಗ ತಮಾಷೆ ಅನಿಸಿತು.

ತಮಾಷೆಯಲ್ಲ. ಅವರು ತಮ್ಮೂರಿನ ಅಗ್ನಿಶಾಮಕ ದಳದ ಸ್ವಯಂಸೇವಕರು. ಇಲ್ಲಿ 101ಕ್ಕೆ ಫೋನ್ ಮಾಡಿದರೆ ಠಾಣೆಯಲ್ಲೇ ಇರುವ ಸಂಬಳದ ಸಿಬ್ಬಂದಿ ಹೊರಡುತ್ತಾರೆ. ಅಮೆರಿಕದ ಅಗ್ನಿಶಾಮಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಸ್ವಯಂಸೇವಕರು. ಮನೆಯಿಂದ, ಅಂಗಡಿಯಿಂದ, ಹೊಲದಿಂದ ಓಡಿ ಬರಬೇಕು. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಯೂನಿಯನ್ ಫೈರ್ ಕಂಪನಿ ಕಟ್ಟಿದ ಕಾಲದಿಂದ ಆ ರಾಜ್ಯದಲ್ಲಿ ಇದು ರೂಢಿ. ನಮ್ಮ ಹಳ್ಳಿಗಳಲ್ಲಿ ಬಣವೆಗೆ ಬೆಂಕಿ ಬಿದ್ದರೆ ಕೂಗು ಕೇಳಿದವರೆಲ್ಲ ಕೊಡ ಹಿಡಿದು ಓಡುವುದಿಲ್ಲವೇ, ಹಾಗೇ. ಅಲ್ಲಿ ಆ ಕೂಗು ಪೇಜರ್‌ನಿಂದ ಬರುತ್ತದೆ. ಅವರ ಮನೆ ಇರುವ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ್ಯಪ್ ನಂಬಿ ಮಲಗುವಂತಿಲ್ಲ.

ಈ ಪೇಜರ್ ಅಕ್ಷರ ತೋರಿಸುವ ಹಳೇ ಡಬ್ಬಿಯಲ್ಲ. ಸದಾ ಒಂದೇ ರೇಡಿಯೊ ಚಾನೆಲ್‌ಗೆ ಕಿವಿಗೊಟ್ಟಿರುವ ಪುಟ್ಟ ರಿಸೀವರ್. ಹಲವು ಊರುಗಳ ಕರೆಗಳೆಲ್ಲ ಅದೇ ಚಾನೆಲ್‌ನಲ್ಲಿ ಬರುತ್ತವೆ. ಎಲ್ಲವನ್ನೂ ಕೇಳಿಸಿದರೆ ಯಾರೂ ನಿದ್ದೆ ಮಾಡುವಂತಿಲ್ಲ. ಅದಕ್ಕೇ ಪ್ರತಿ ದಳಕ್ಕೂ ಎರಡು ಸ್ವರಗಳ ಗುರುತು. ಮೊದಲ ಸ್ವರ 1 ಸೆಕೆಂಡ್, ಎರಡನೆಯದು 3 ಸೆಕೆಂಡ್. ಎರಡೂ ಅದೇ ಕ್ರಮದಲ್ಲಿ ಬಂದರೆ ಮಾತ್ರ ಸ್ಪೀಕರ್ ತೆರೆದುಕೊಂಡು, ಎಲ್ಲಿ ಬೆಂಕಿ ಎಂದು ಹೇಳುವ ದನಿ ಕೇಳಿಸುತ್ತದೆ. ಪಾಸ್‌ವರ್ಡ್ ಇಲ್ಲ, ಇಂಟರ್ನೆಟ್ ಇಲ್ಲ. ನಾವು ಕಟ್ಟುವ ಅಲರ್ಟ್ ವ್ಯವಸ್ಥೆಗಳ ಹತ್ತು ಪದರ ನೆನೆದು ನನಗೆ ಒಂಚೂರು ಹೊಟ್ಟೆಕಿಚ್ಚಾಯಿತು.

ಅವರದು ಸೆಕೆಂಡ್ ಹ್ಯಾಂಡ್ ಪೇಜರ್. ಎಲ್ಲ ಕರೆಗಳನ್ನೂ ಕೇಳಿಸುವ ಮಾನಿಟರ್ ಮೋಡ್‌ನಲ್ಲಿ ದನಿ ಬರುತ್ತಿತ್ತು. ಅಂದರೆ ಫ್ರೀಕ್ವೆನ್ಸಿ ಸರಿ, ಆ್ಯಂಟೆನಾ ಸರಿ. ದನಿ ಮಾತ್ರ ಕ್ಷೀಣ. ಅಲ್ಲಿ 2013ರ ಜನವರಿ 1ರಿಂದ ಇಂಥ ಚಾನೆಲ್‌ಗಳ ಅಗಲ 25ರಿಂದ 12.5 ಕಿಲೋಹರ್ಟ್ಸ್‌ಗೆ ಇಳಿದಿದೆ. ಪೇಜರ್ ಇನ್ನೂ ಹಳೇ ಅಗಲದಲ್ಲೇ ಕೂತಿತ್ತು. ಅದು ಸುಲಭದ ರಿಪೇರಿ. ಆದರೆ ತಮ್ಮ ದಳದ ಸ್ವರ ಬಂದರೂ ತೆರೆಯುತ್ತಿಲ್ಲವೇಕೆ?

ಮಾನಿಟರ್ ಮೋಡ್‌ನಲ್ಲಿ ಕೇಳಿಸಿದ ಸ್ವರಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ ಎಂದೆ. ಎಫ್‌ಎಫ್‌ಟಿ ಹಾಕಿದರೆ 1 ಸೆಕೆಂಡಿನ ತುಣುಕಿನಲ್ಲೂ ಸುಮಾರು 1 ಹರ್ಟ್ಸ್‌ವರೆಗೆ ಅಳೆಯಬಹುದು. ಮೊದಲನೆಯದು 349 ಹರ್ಟ್ಸ್, ಪೇಜರ್‌ನಲ್ಲಿ ಇದ್ದದ್ದೂ ಅದೇ. ಎರಡನೆಯದು 832ರ ಆಸುಪಾಸು. ಪೇಜರ್‌ನಲ್ಲಿ ತುಂಬಿದ್ದು 788.5. ಮಾರಿದವರು ಪಟ್ಟಿಯಲ್ಲಿ ಒಂದು ಸಾಲು ಮೇಲಿನದನ್ನು ಹಾಕಿದ್ದರು. ನನ್ನ ಲೆಕ್ಕ ನಂಬಿ ಬದಲಿಸಬೇಡಿ, ಮೊದಲು ಡಿಸ್ಪ್ಯಾಚ್ ಕೇಂದ್ರವನ್ನೇ ಕೇಳಿ ಎಂದೆ. ಅವರು 832.5 ಎಂದು ಖಚಿತಪಡಿಸಿದ ಮೇಲೆ ಠಾಣೆಯ ಕಂಪ್ಯೂಟರ್‌ನಲ್ಲಿ ತಿದ್ದಿಸಿಕೊಂಡರು.

ಪರೀಕ್ಷೆಗೆ ಸುಳ್ಳು ಕರೆ ಕೊಡುವಂತಿಲ್ಲ. ಸೋಮವಾರ ಸಂಜೆ ಆರರ ವಾರದ ಟೆಸ್ಟ್‌ಗೇ ಕಾಯಬೇಕು. ನಮಗೆ ಅದು ಮಂಗಳವಾರ ಬೆಳಗಿನ ಜಾವ ಮೂರೂವರೆ. ನಾನೂ ಆ ವಾರ ಆನ್‌ಕಾಲ್, ಎದ್ದೇ ಇದ್ದೆ. ಆರೂ ಒಂದಕ್ಕೆ ಅವರಿಂದ ಮೆಸೇಜ್: ‘ತೆರೆಯಿತು. ಹೆಂಡತಿ ಬೆಚ್ಚಿಬಿದ್ದಳು.’

ಎರಡು ವಾರದ ನಂತರ ಒಂದು ಮೀಟಿಂಗ್ ನಡುವೆ ಆ ಎರಡು ಸ್ವರ ನಮಗೂ ಕೇಳಿಸಿತು. ಕ್ಯಾಮೆರಾ ಆಫ್ ಮಾಡಲೂ ನಿಲ್ಲದೆ ಅವರು ಎದ್ದು ಹೋದರು. ಆ ದಿನದ ರಿಲೀಸನ್ನು ಮರುದಿನಕ್ಕೆ ಹಾಕಿದೆವು.